ಗೇಟಿನ ಒಳಗಿನ ಆರೋಗ್ಯ, ಗೇಟಿನ ಹೊರಗಿನ ಊರು: ಫ್ಲಿಂಟ್ ನಗರದ ಲೆಕ್ಕಾಚಾರ

ಅಮೆರಿಕದ ಮಿಚಿಗನ್ ರಾಜ್ಯದ ಫ್ಲಿಂಟ್‌ನಲ್ಲಿರುವ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನ್ ಕಾರ್ಖಾನೆ, 2014ರ ಅಕ್ಟೋಬರ್‌ನಲ್ಲಿ, ನಗರದ ನೀರು ತನಗೆ ಬೇಡವೆಂದು ತೀರ್ಮಾನಿಸಿತು. ಅದಕ್ಕೆ ಆರು ತಿಂಗಳು ಮೊದಲು, ಏಪ್ರಿಲ್ 25ರಂದು, ನಗರಾಡಳಿತವು ಖರ್ಚು ಉಳಿಸುವ ಸಲುವಾಗಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ನಿಲ್ಲಿಸಿ, ಊರ ನಡುವೆ ಹರಿಯುವ ಫ್ಲಿಂಟ್ ನದಿಯ ನೀರನ್ನೇ ಶುದ್ಧೀಕರಿಸಿ ಕೊಳವೆಗಳಿಗೆ ಬಿಟ್ಟಿತ್ತು. ಈ ನೀರಿನಲ್ಲಿ ಕ್ಲೋರೈಡ್ ಅಂಶ ಬಹಳ ಹೆಚ್ಚು. ಎಂಜಿನ್ ಕಾರ್ಖಾನೆಯಲ್ಲಿ ಲೋಹವನ್ನು ಕೊರೆದು ಉಜ್ಜುವಾಗ ತಂಪಾಗಿಸಲೂ ಭಾಗಗಳನ್ನು ತೊಳೆಯಲೂ ನೀರು ಬೇಕು. ಒಂದೇ ನೀರು ಮತ್ತೆ ಮತ್ತೆ ತಿರುಗಿ ಆವಿಯಾದಂತೆಲ್ಲ ಅದರಲ್ಲಿನ ಲವಣ ಸಾಂದ್ರವಾಗುತ್ತಾ ಹೋಗುತ್ತದೆ. ಭಾಗಗಳ ಮೇಲೆ ತುಕ್ಕು ಕಾಣಿಸಿಕೊಂಡಿತು. ಕಂಪನಿ ನಗರಾಡಳಿತಕ್ಕೆ ಸೇರದ ಪಕ್ಕದ ಟೌನ್‌ಶಿಪ್‌ನಿಂದ ಸರೋವರದ ನೀರನ್ನು ಪಡೆಯುವ ಏರ್ಪಾಡು ಮಾಡಿಕೊಂಡಿತು. ಇದರಿಂದ ನಗರಕ್ಕೆ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ವರಮಾನ ಖೋತಾ ಆಯಿತು. ಊರಿನ ಜನ ಮಾತ್ರ ಅದೇ ನೀರನ್ನು ಇನ್ನೂ ಒಂದು ವರ್ಷ ಕುಡಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಸರ್ಕಾರದ ಹೊಣೆಗೇಡಿತನದ ಕತೆಯಾಗಿ ಹೇಳಲಾಗುತ್ತದೆ, ಅದು ಸರಿಯೇ. ಆದರೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸಂಗತಿ ಇದರೊಳಗಿದೆ. ಆ ಹೊತ್ತಿಗಾಗಲೇ 18 ವರ್ಷಗಳಿಂದ ಅದೇ ಊರಿನಲ್ಲಿ ಕಾರು ಕಂಪನಿ, ಕಾರ್ಮಿಕ ಸಂಘ, ಆಸ್ಪತ್ರೆಗಳು, ವೈದ್ಯರು, ವಿಮಾ ಸಂಸ್ಥೆಗಳು ಮತ್ತು ಸ್ಥಳೀಯ ಸರ್ಕಾರ ಒಂದೇ ಮೇಜಿನ ಸುತ್ತ ಕೂತು ಊರಿನ ಆರೋಗ್ಯದ ಬಗ್ಗೆ ಮಾತನಾಡುವ ವ್ಯವಸ್ಥೆಯೊಂದಿತ್ತು. 1996ರಲ್ಲಿ ಹುಟ್ಟಿದ ಅದರ ಹೆಸರು ಗ್ರೇಟರ್ ಫ್ಲಿಂಟ್ ಹೆಲ್ತ್ ಕೊಯಲಿಷನ್, ಅಂದರೆ ಆರೋಗ್ಯ ಒಕ್ಕೂಟ. ಉದ್ಯಮ ಮತ್ತು ಕಾರ್ಮಿಕ ಸಂಘ ಸೇರಿ ಸಾರ್ವಜನಿಕ ಆರೋಗ್ಯಕ್ಕೆ ಕೈಹಾಕಿದ ಪ್ರಯೋಗಗಳಲ್ಲಿ ಇಷ್ಟು ಕಾಲ ಬಾಳಿದ್ದು ಅಪರೂಪ. ಅಂಥದೊಂದು ವ್ಯವಸ್ಥೆ ಏಕೆ ಬೇಕಾಯಿತು, ಅದು ಏನನ್ನು ಮಾಡಬಲ್ಲದಾಗಿತ್ತು, ಯಾವುದು ಅದರ ಕೈಗೆ ಎಟುಕಲಿಲ್ಲ ಎಂಬುದನ್ನು ತಿಳಿಯಲು, ಚಿಕಿತ್ಸೆಯ ಬಿಲ್ಲನ್ನು ಯಾರು ಕಟ್ಟುತ್ತಿದ್ದರು ಎಂಬಲ್ಲಿಂದ ಹೊರಡಬೇಕು.

ಬಿಲ್ಲು ಕಂಪನಿಯ ಹೆಗಲೇರಿದ ಬಗೆ

ಜನರಲ್ ಮೋಟಾರ್ಸ್ 1908ರಲ್ಲಿ ಹುಟ್ಟಿದ್ದು ಫ್ಲಿಂಟ್‌ನಲ್ಲೇ. ಆ ಕಂಪನಿಯ ಎದುರು ಯುನೈಟೆಡ್ ಆಟೊ ವರ್ಕರ್ಸ್ ಸಂಘ, ಅಂದರೆ ಯುಎಡಬ್ಲ್ಯು, ತನ್ನ ಮೊದಲ ದೊಡ್ಡ ಗೆಲುವು ಕಂಡದ್ದೂ ಅಲ್ಲೇ. 1936ರ ಡಿಸೆಂಬರ್ 30ರಿಂದ 1937ರ ಫೆಬ್ರುವರಿ 11ರವರೆಗೆ, 44 ದಿನ, ಕಾರ್ಮಿಕರು ಮನೆಗೆ ಹೋಗದೆ ಯಂತ್ರಗಳ ಪಕ್ಕದಲ್ಲೇ ಬೀಡುಬಿಟ್ಟರು. ಗೇಟಿನ ಹೊರಗೆ ನಿಂತು ಘೋಷಣೆ ಕೂಗಿದರೆ ಆಡಳಿತ ವರ್ಗ ಬೇರೆಯವರನ್ನು ಕರೆತಂದು ಕೆಲಸ ನಡೆಸಬಹುದು, ಒಳಗೇ ಕೂತರೆ ಅದು ಆಗದು ಎಂಬುದು ಅವರ ಲೆಕ್ಕ. ಕೊನೆಗೆ ಕಂಪನಿ ಸಂಘಕ್ಕೆ ಮನ್ನಣೆ ಕೊಟ್ಟಿತು.

ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರ್ಕಾರ ವೇತನ ಏರಿಕೆಗೆ ಕಡಿವಾಣ ಹಾಕಿತು, ಆದರೆ ವಿಮೆಯಂಥ ಸವಲತ್ತುಗಳನ್ನು ಅದರಿಂದ ಹೊರಗಿಟ್ಟಿತು. ಸಂಬಳ ಹೆಚ್ಚಿಸಲಾಗದ ಮಾಲೀಕರು ಆರೋಗ್ಯ ವಿಮೆಯನ್ನು ಮುಂದೊಡ್ಡಿ ಕೆಲಸಗಾರರನ್ನು ಸೆಳೆಯತೊಡಗಿದರು. ಯುದ್ಧ ಮುಗಿದರೂ ಈ ರೂಢಿ ಉಳಿಯಿತು. ಯುಎಡಬ್ಲ್ಯು ಅಧ್ಯಕ್ಷ ವಾಲ್ಟರ್ ರೂಥರ್ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಇಡೀ ದೇಶಕ್ಕೆ ಅನ್ವಯಿಸುವ ಸರ್ಕಾರಿ ಆರೋಗ್ಯ ವಿಮೆ. ಅದು ಕೈಗೂಡದಿದ್ದಾಗ ಅವರು ಕಂಪನಿಗಳಿಂದಲೇ ವಸೂಲು ಮಾಡುವ ದಾರಿ ಹಿಡಿದರು. ಹೊರೆ ಹೆಚ್ಚಿದಾಗ ಕಂಪನಿಗಳೇ ಸರ್ಕಾರದ ಬಾಗಿಲು ತಟ್ಟುತ್ತವೆ ಎಂಬ ಎಣಿಕೆಯೂ ಅದರ ಹಿಂದಿತ್ತು. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಐದು ವರ್ಷಗಳ ಒಪ್ಪಂದವಾಗಿ, ಪಿಂಚಣಿಯ ಜೊತೆಗೆ ವಿಮೆ ಕಂತಿನ ಅರ್ಧವನ್ನು ಕಟ್ಟಲು ಕಂಪನಿ ಒಪ್ಪಿತು. 1961ರಲ್ಲಿ ಪೂರ್ತಿ ಕಂತು ಕಂಪನಿಯದಾಯಿತು. 1964ರಲ್ಲಿ ನಿವೃತ್ತರ ಕಂತೂ ಅದಕ್ಕೆ ಸೇರಿತು.

ರೂಥರ್ ಅವರ ಎಣಿಕೆ ನಿಜವಾಗಲಿಲ್ಲ. ಕಂಪನಿಗಳು ಸರ್ಕಾರದ ಬಾಗಿಲಿಗೆ ಹೋಗುವ ಬದಲು ಕಾರಿನ ಬೆಲೆಗೆ ಆ ಖರ್ಚನ್ನು ಸೇರಿಸಿದವು. ಜಪಾನಿನ ಕಾರುಗಳು ಬರುವವರೆಗೆ ಅದು ನಡೆಯಿತು. 2004ರ ಹೊತ್ತಿಗೆ ಜನರಲ್ ಮೋಟಾರ್ಸ್ ಸುಮಾರು 11 ಲಕ್ಷ ಜನರ ಚಿಕಿತ್ಸೆಗೆ ವರ್ಷಕ್ಕೆ 500 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡುತ್ತಿತ್ತು. ಈ 11 ಲಕ್ಷದಲ್ಲಿ ದುಡಿಯುವವರಿಗಿಂತ ನಿವೃತ್ತರು ಮತ್ತು ಅವಲಂಬಿತರ ಸಂಖ್ಯೆಯೇ ಹೆಚ್ಚು. ಪ್ರತಿ ಕಾರಿಗೆ ಸುಮಾರು 1,500 ಡಾಲರ್ ಆರೋಗ್ಯದ ಬಾಬ್ತು, ಅದು ಉಕ್ಕಿನ ಖರ್ಚಿಗಿಂತ ಹೆಚ್ಚು ಎಂಬ ಮಾತು ಆಗ ಉದ್ಯಮದ ವಲಯದಲ್ಲಿ ಪದೇ ಪದೇ ಕೇಳಿಬರುತ್ತಿತ್ತು.

ನಮ್ಮ ಓದುಗರಿಗೆ ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಪೀಣ್ಯದಲ್ಲೋ ಬಿಡದಿಯಲ್ಲೋ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕನ ಪರವಾಗಿ ಮಾಲೀಕ ಸಂಬಳದ ಶೇ 3.25ರಷ್ಟನ್ನು ಇಎಸ್‌ಐಗೆ ಕಟ್ಟುತ್ತಾನೆ. ಕಾರ್ಮಿಕನ ಪಾಲು ಶೇ 0.75. ಕಟ್ಟಿದ ಮೇಲೆ ಲೆಕ್ಕ ಮುಗಿಯಿತು. ಆ ಕಾರ್ಮಿಕನಿಗೆ ಸಕ್ಕರೆ ಕಾಯಿಲೆ ಬಂದರೂ ಬಾರದಿದ್ದರೂ ಮಾಲೀಕ ಕಟ್ಟುವ ಹಣ ಅಷ್ಟೇ. ಫ್ಲಿಂಟ್‌ನಲ್ಲಿ ಹಾಗಿರಲಿಲ್ಲ. ಅಲ್ಲಿ ಪ್ರತಿಯೊಂದು ಆಂಜಿಯೊಗ್ರಾಂ, ಪ್ರತಿಯೊಂದು ಅಕಾಲಿಕ ಹೆರಿಗೆ ನೇರವಾಗಿ ಕಂಪನಿಯ ಖರ್ಚಿನ ಪುಸ್ತಕಕ್ಕೆ ಬರುತ್ತಿತ್ತು. ಆದ್ದರಿಂದಲೇ ಜನ ಏಕೆ ಕಾಯಿಲೆ ಬೀಳುತ್ತಾರೆ ಎಂದು ಕೇಳುವುದು ಅದಕ್ಕೆ ವ್ಯವಹಾರದ ಪ್ರಶ್ನೆಯಾಗಿತ್ತು.

ಗೇಟು ದಾಟಿದ ಲೆಕ್ಕ

ಕಾರ್ಮಿಕರಿಗೆ ವಿಮೆಯಿದ್ದರೆ ಸಾಕು, ಊರಿನ ಉಸಾಬರಿ ಕಂಪನಿಗೇಕೆ ಎನ್ನಬಹುದು. ಆಸ್ಪತ್ರೆಯ ಹಣಕಾಸು ನಡೆಯುವ ರೀತಿ ಅದಕ್ಕೆ ಉತ್ತರ ಕೊಡುತ್ತದೆ. ವಿಮೆಯಿಲ್ಲದ ರೋಗಿ ಕಾಯಿಲೆಯನ್ನು ತಡೆದುಕೊಂಡು ತಡೆದುಕೊಂಡು ಕೊನೆಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುತ್ತಾನೆ. ಅಲ್ಲಿ ಅವನನ್ನು ಹಿಂದಕ್ಕೆ ಕಳಿಸುವಂತಿಲ್ಲ. ಆ ನಷ್ಟವನ್ನು ಆಸ್ಪತ್ರೆಗಳು ಹಣ ಕೊಡಬಲ್ಲವರ ದರಕ್ಕೆ ಸೇರಿಸಲು ನೋಡುತ್ತವೆ. ಫ್ಲಿಂಟ್‌ನಂಥ ಊರಿನಲ್ಲಿ ಹಣ ಕೊಡಬಲ್ಲವರು ಎಂದರೆ ಬಹುಮಟ್ಟಿಗೆ ಕಾರು ಕಂಪನಿಯ ವಿಮೆಯುಳ್ಳವರು. ಕೆಲಸ ಕಳೆದುಕೊಂಡ ಪಕ್ಕದ ಮನೆಯವನ ಕಾಯಿಲೆ ಹೀಗೆ ಸುತ್ತು ಬಳಸಿ ಕಂಪನಿಯ ಬಿಲ್ಲಿಗೇ ಬಂದು ಸೇರುತ್ತಿತ್ತು. ಅದಲ್ಲದೆ ಮೂವತ್ತು ವರ್ಷ ದುಡಿದು ನಿವೃತ್ತನಾದವನು ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇನ್ನಿಪ್ಪತ್ತು ವರ್ಷ ಬಾಳುತ್ತಾನೆ. ಅಲ್ಲಿಯ ವೈದ್ಯರು ಹೇಗೆ ಚಿಕಿತ್ಸೆ ಕೊಡುತ್ತಾರೆ, ಅಂಗಡಿಯಲ್ಲಿ ಏನು ಸಿಗುತ್ತದೆ, ಸಿಗರೇಟು ಸೇದುವವರು ಎಷ್ಟು ಜನ ಎಂಬುದೆಲ್ಲ ಅವನ ದೇಹದ ಮೂಲಕ ಕಂಪನಿಯ ಲೆಕ್ಕಕ್ಕೆ ಬರುತ್ತದೆ.

ಕಾರ್ಮಿಕ ಸಂಘಕ್ಕೆ ಇದರಲ್ಲಿ ಬೇರೆಯೇ ಆಸಕ್ತಿಯಿತ್ತು. ಖರ್ಚು ಏರಿದರೆ ಮುಂದಿನ ಮಾತುಕತೆಯಲ್ಲಿ ಆಡಳಿತ ವರ್ಗ ಸವಲತ್ತು ಕಡಿತದ ಪ್ರಸ್ತಾಪ ತರುವುದು ಖಚಿತ. ಸವಲತ್ತಿಗೆ ಕೈ ಹಚ್ಚದೆ ಖರ್ಚನ್ನು ಇಳಿಸುವ ದಾರಿಯಿದ್ದರೆ ಅದು ಕಾಯಿಲೆಯನ್ನು ತಡೆಯುವುದರಲ್ಲಿ, ಅನಗತ್ಯ ಚಿಕಿತ್ಸೆಯನ್ನು ಬಿಡಿಸುವುದರಲ್ಲಿ ಇದೆ. ಒಕ್ಕೂಟದ ಒಳಗಿನ ನಿಜವಾದ ವ್ಯವಹಾರ ಇದೇ ಎಂದು ನನಗೆ ತೋರುತ್ತದೆ. ಆಸ್ಪತ್ರೆಗಳ ಸ್ಥಿತಿ ಇದಕ್ಕೆ ತಿರುವುಮುರುವು, ಏಕೆಂದರೆ ಕಂಪನಿಯ ಖರ್ಚೇ ಅವುಗಳ ವರಮಾನ. ಹಾಗಾಗಿ ಯಾರ ಸ್ವತ್ತೂ ಅಲ್ಲದ ಒಂದು ಮೇಜು ಬೇಕಾಯಿತು.

ಒಕ್ಕೂಟ ಹುಟ್ಟಿದ 1996ರಲ್ಲೇ ಜನರಲ್ ಮೋಟಾರ್ಸ್ ಮತ್ತು ಯುಎಡಬ್ಲ್ಯು ಜಂಟಿಯಾಗಿ ಲೈಫ್‌ಸ್ಟೆಪ್ಸ್ ಎಂಬ ಆರೋಗ್ಯ ಕಾರ್ಯಕ್ರಮವನ್ನು ಕಾರ್ಮಿಕರಿಗೂ ನಿವೃತ್ತರಿಗೂ ತಂದವು. ಇಂಥ ಕಾರ್ಯಕ್ರಮದಲ್ಲಿ ಸಂಘದ ಹೆಸರು ಏಕೆ ಮುಖ್ಯ ಎಂಬುದನ್ನು ಪಾಳಿ ಕೆಲಸ ಬಲ್ಲವರು ಸುಲಭವಾಗಿ ಊಹಿಸಬಹುದು. ಬಿಪಿ ಎಷ್ಟು, ಕುಡಿಯುತ್ತೀರಾ, ಬೆನ್ನು ನೋವಿದೆಯೇ ಎಂದು ಕೇಳುವ ನಮೂನೆಯನ್ನು ಕಂಪನಿಯೊಂದೇ ಕಳಿಸಿದರೆ, ಈ ಮಾಹಿತಿ ನಾಳೆ ಫೋರ್‌ಮನ್‌ನ ಮೇಜಿಗೆ ಹೋಗುವುದಿಲ್ಲ ಎಂಬ ಭರವಸೆ ಯಾರಿಗೂ ಇರದು. ಸಂಘದ ಮುದ್ರೆಯೂ ಅದರ ಮೇಲಿದ್ದರೆ ಕಾರ್ಮಿಕ ನಮೂನೆ ತುಂಬಲು ಮನಸ್ಸು ಮಾಡುತ್ತಾನೆ.

ಆದರೆ ಊರಿಗೆ ಹೆಚ್ಚು ದಕ್ಕಿದ್ದು ಬೇರೊಂದು ಯೋಜನೆ ಎನ್ನಬೇಕು. ವಿಮೆಯಿಲ್ಲದ, ಕಡಿಮೆ ಆದಾಯದ ನಿವಾಸಿಗಳಿಗೆ ಹೊರರೋಗಿ ಚಿಕಿತ್ಸೆ, ಪರೀಕ್ಷೆ, ಔಷಧಿ ಕೊಡುವ ಜೆನೆಸೀ ಹೆಲ್ತ್ ಪ್ಲಾನ್ 2001ರಲ್ಲಿ ಆರಂಭವಾಯಿತು. ಜೆನೆಸೀ ಎಂಬುದು ಫ್ಲಿಂಟ್ ಇರುವ ಕೌಂಟಿಯ ಹೆಸರು. 2006ರಲ್ಲಿ ಈ ಯೋಜನೆಗಾಗಿ ಆಸ್ತಿ ತೆರಿಗೆಯಲ್ಲಿ ಒಂದು ಪಾಲನ್ನು ಹೆಚ್ಚುವರಿಯಾಗಿ ಕೊಡಬೇಕೇ ಎಂದು ಕೌಂಟಿಯ ಮತದಾರರನ್ನು ಕೇಳಿದಾಗ ಅವರು ಕೊಡುತ್ತೇವೆ ಎಂದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ, ಮನೆಗಳ ಬೆಲೆ ಕುಸಿಯುತ್ತಿದ್ದ ಊರಿನಲ್ಲಿ ಜನ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡದ್ದು ಸಣ್ಣ ಮಾತಲ್ಲ.

ಮೇಜಿನ ಮಿತಿ

ಹಾಗೆಂದು ಇದನ್ನೊಂದು ಸೌಹಾರ್ದದ ಕತೆ ಎಂದುಕೊಳ್ಳುವಂತಿಲ್ಲ. ಒಕ್ಕೂಟ ಹುಟ್ಟಿ ಎರಡು ವರ್ಷಕ್ಕೆ, 1998ರ ಜೂನ್‌ನಲ್ಲಿ, ಫ್ಲಿಂಟ್‌ನ ಎರಡು ಬಿಡಿಭಾಗ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗಿ 54 ದಿನ ನಡೆಯಿತು. ಬಿಡಿಭಾಗ ಸಿಗದೆ ಉತ್ತರ ಅಮೆರಿಕದಾದ್ಯಂತ ಆ ಕಂಪನಿಯ ಉತ್ಪಾದನೆ ಬಹುತೇಕ ಸ್ತಬ್ಧವಾಯಿತು. ಮರುವರ್ಷ ಬ್ಯೂಕ್ ಸಿಟಿ ಎಂಬ ಬೃಹತ್ ಕಾರ್ಖಾನೆ ಬಾಗಿಲು ಹಾಕಿತು. 1970ರ ದಶಕದ ಕೊನೆಯಲ್ಲಿ ಫ್ಲಿಂಟ್ ಸುತ್ತಮುತ್ತ ಸುಮಾರು 80,000 ಜನರಿಗೆ ಕೆಲಸ ಕೊಟ್ಟಿದ್ದ ಕಂಪನಿಯ ನೌಕರರ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು. 1960ರಲ್ಲಿ 1,96,940 ಇದ್ದ ನಗರದ ಜನಸಂಖ್ಯೆ 2020ರ ಗಣತಿಯಲ್ಲಿ 81,252. ಕೆಲಸ ಹೋಗುವುದಕ್ಕಿಂತ ದೊಡ್ಡ ಅನಾರೋಗ್ಯದ ಕಾರಣ ಆ ಊರಿನಲ್ಲಿ ಇರಲಿಲ್ಲ, ಆದರೆ ಆ ವಿಷಯ ಆರೋಗ್ಯದ ಮೇಜಿನದಲ್ಲ, ವೇತನ ಮಾತುಕತೆಯ ಮೇಜಿನದು. ಎರಡು ಮೇಜುಗಳಿಗೂ ಬರುತ್ತಿದ್ದವರು ಅದೇ ಎರಡು ಪಕ್ಷದವರಾಗಿದ್ದರೂ ವಿಷಯ ಒಂದರಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ.

ಇದಕ್ಕಿಂತ ಸದ್ದಿಲ್ಲದೆ ಆದ, ಆದರೆ ಹೆಚ್ಚು ಆಳದ ಬದಲಾವಣೆ ಇನ್ನೊಂದಿದೆ. 2007ರ ಒಪ್ಪಂದದಲ್ಲಿ ನಿವೃತ್ತರ ಆರೋಗ್ಯದ ಹೊಣೆಯನ್ನು ಕಂಪನಿಯ ಲೆಕ್ಕದಿಂದ ತೆಗೆದು ಪ್ರತ್ಯೇಕ ನಿಧಿಗೆ ವಹಿಸಲು ಎರಡೂ ಕಡೆಯವರು ಒಪ್ಪಿದರು. 2009ರ ಜೂನ್ 1ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರಿಂದ ಎದ್ದು ಬಂದ ಹೊಸ ಕಂಪನಿಯಲ್ಲಿ ಬಾಕಿ ಹಣದ ಒಂದಂಶಕ್ಕೆ ಬದಲಾಗಿ ಆ ನಿಧಿಗೆ ಶೇ 17.5ರಷ್ಟು ಷೇರು ಸಿಕ್ಕಿತು. 2010ರ ಜನವರಿ 1ರಿಂದ ನಿವೃತ್ತರ ಬಿಲ್ಲು ಕಂಪನಿಗೆ ಬರುವುದು ನಿಂತಿತು. ಕಂಪನಿ ಉಳಿಯಬೇಕಾದರೆ ಬಹುಶಃ ಅದೊಂದೇ ದಾರಿಯಾಗಿತ್ತು. ಆದರೆ ಜೆನೆಸೀ ಕೌಂಟಿಯ ಸಾವಿರಾರು ಮುದುಕರ ಸಕ್ಕರೆ ಕಾಯಿಲೆ, ಹೃದ್ರೋಗ ಇನ್ನು ಮುಂದೆ ಕಾರಿನ ಬೆಲೆಯೊಳಗೆ ಕೂರುವುದಿಲ್ಲ ಎಂದಾದಾಗ, ಆ ಊರು ಆರೋಗ್ಯವಾಗಿರಬೇಕೆಂಬ ಕಂಪನಿಯ ಆರ್ಥಿಕ ಕಾರಣವೂ ಆ ಮಟ್ಟಿಗೆ ಸಡಿಲವಾಯಿತು. ಕುರ್ಚಿ ಖಾಲಿಯಾಗಲಿಲ್ಲ, ಕೂತವರಿಗೆ ಆತುರವಿಲ್ಲದಂತಾಯಿತು.

2014ರ ನೀರಿನ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಕಾರ್ಖಾನೆಯ ದೃಷ್ಟಿಯಲ್ಲಿ ಅದು ಯಂತ್ರದ ಸಮಸ್ಯೆ. ನೀರಿನ ವಿಭಾಗದವರು ಪರೀಕ್ಷಿಸಿದರು, ಖರೀದಿ ವಿಭಾಗದವರು ಬೇರೆ ನೀರು ತಂದರು, ಕಡತ ಮುಚ್ಚಿತು. ಲೋಹವನ್ನು ತಿನ್ನುವ ನೀರು ಸೀಸದ ಕೊಳವೆಯನ್ನೂ ತಿನ್ನುತ್ತದೆ ಎಂಬುದು ರಸಾಯನಶಾಸ್ತ್ರದ ಮೊದಲ ಪಾಠದ ಮಾತು. ಕೊಳವೆಯ ಒಳಮೈಗೆ ರಕ್ಷಣೆಯ ಪೊರೆ ಕಟ್ಟುವ ಫಾಸ್ಫೇಟನ್ನು ನಗರ ಬೆರೆಸಿರಲೂ ಇಲ್ಲ. ಆದರೆ ಒಂದು ಎಂಜಿನ್ ಕಾರ್ಖಾನೆಯ ಗುಣಮಟ್ಟ ವಿಭಾಗ ತಿಳಿದದ್ದನ್ನು ಊರಿನ ಮಕ್ಕಳ ವೈದ್ಯರಿಗೆ ತಲುಪಿಸುವ ಕಾಲುವೆಯನ್ನು ಯಾರೂ ತೋಡಿರಲಿಲ್ಲ. ಒಕ್ಕೂಟ ಹುಟ್ಟಿದ್ದೇ ಚಿಕಿತ್ಸೆಯ ಗುಣಮಟ್ಟ ಮತ್ತು ಖರ್ಚಿನ ಪ್ರಶ್ನೆಯಿಂದ. ಆಸ್ಪತ್ರೆಯ ಬಿಲ್ಲಾಗಿ ಬರುವ ತೊಂದರೆಗೆ ಅಲ್ಲಿ ಜಾಗವಿತ್ತು. ನಲ್ಲಿಯಲ್ಲಿ ಬರುವ ತೊಂದರೆಗೆ, ಅದಿನ್ನೂ ಬಿಲ್ಲಾಗಿರದ ಹಂತದಲ್ಲಿ, ಜಾಗವಿರಲಿಲ್ಲ.

ಇನ್ನೊಂದು ಅಂಶವನ್ನೂ ಸೇರಿಸಬೇಕು. ಆ ವರ್ಷಗಳಲ್ಲಿ ಫ್ಲಿಂಟ್ ಆಡಳಿತ ರಾಜ್ಯದ ಚುನಾಯಿತ ಮುಖ್ಯಸ್ಥರಾದ ಗವರ್ನರ್, ನಗರದ ಹಣಕಾಸು ಸರಿಪಡಿಸಲೆಂದು ನೇಮಿಸಿದ ತುರ್ತು ವ್ಯವಸ್ಥಾಪಕರ ಕೈಯಲ್ಲಿತ್ತು. 2015ರ ಮಾರ್ಚ್‌ನಲ್ಲಿ ನಗರ ಪರಿಷತ್ತು 7-1 ಮತಗಳಿಂದ ಡೆಟ್ರಾಯಿಟ್ ನೀರಿಗೆ ಮರಳಬೇಕೆಂದು ಹೇಳಿದಾಗ ವ್ಯವಸ್ಥಾಪಕರು ಅದನ್ನು ತಳ್ಳಿಹಾಕಿದರು. ಚುನಾಯಿತರ ಮಾತಿಗೇ ಬೆಲೆಯಿಲ್ಲದ ಊರಿನಲ್ಲಿ ಒಂದು ಸ್ವಯಂಪ್ರೇರಿತ ಒಕ್ಕೂಟದ ಮಾತು ಎಷ್ಟು ನಡೆದೀತು ಎಂದು ಕೇಳುವವರ ಪ್ರಶ್ನೆಯಲ್ಲಿ ಹುರುಳಿದೆ. ಆದರೂ ಕಂಪನಿಗೆ ಒಂದು ಬಾಗಿಲು ತೆರೆದಿತ್ತು, ಅದು ಬೇರೆ ನೀರು ತರಿಸಿಕೊಂಡಿತು. ಜನರಿಗೆ ಆ ಬಾಗಿಲಿರಲಿಲ್ಲ.

ನೀರಿನ ನಂತರ

ಮಕ್ಕಳ ಮಿದುಳಿಗೆ ಹಾನಿ ಮಾಡುವ ಸೀಸ ನಲ್ಲಿಯ ನೀರಿನ ಮೂಲಕ ದೇಹ ಸೇರುತ್ತಿದೆ ಎಂಬ ಗುಟ್ಟು ಹೊರಬಿದ್ದದ್ದು ಆಸ್ಪತ್ರೆಯ ದಾಖಲೆಗಳಿಂದ. ಹರ್ಲಿ ಮೆಡಿಕಲ್ ಸೆಂಟರ್‌ನ ಮಕ್ಕಳ ತಜ್ಞೆ ಡಾ. ಮೋನಾ ಹನ್ನಾ-ಅಟಿಷಾ ಅವರು ನೀರು ಬದಲಾಗುವ ಮೊದಲಿನ ಮತ್ತು ನಂತರದ ರಕ್ತಪರೀಕ್ಷೆಗಳನ್ನು ಎದುರುಬದುರಾಗಿಟ್ಟು ನೋಡಿದರು. ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿದ್ದ ಐದು ವರ್ಷದೊಳಗಿನ ಮಕ್ಕಳ ಪಾಲು ಶೇ 2.4ರಿಂದ ಶೇ 4.9ಕ್ಕೆ ಏರಿತ್ತು. 2015ರ ಸೆಪ್ಟೆಂಬರ್ 24ರಂದು ಅವರು ಇದನ್ನು ಪತ್ರಕರ್ತರ ಮುಂದಿಟ್ಟರು. ರಾಜ್ಯದ ಅಧಿಕಾರಿಗಳು ಮೊದಲು ಅಲ್ಲಗಳೆದರು, ಆಮೇಲೆ ಒಪ್ಪಿದರು; ಅಕ್ಟೋಬರ್ 16ರಂದು ನಗರ ಹಳೆಯ ನೀರಿಗೆ ಮರಳಿತು. ಅಷ್ಟರಲ್ಲಿ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಬರುವ ಲೀಜಿಯನೇರ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಕನಿಷ್ಠ 12 ಜನ ಸತ್ತಿದ್ದರು.

ಪರಿಹಾರದ ಹಂತದಲ್ಲಿ ಕಾರ್ಮಿಕ ಸಂಘಗಳ ಬೇರೊಂದು ಬಗೆಯ ಶಕ್ತಿ ಕಂಡಿತು. ಸರ್ಕಾರ ಪುಕ್ಕಟೆ ಫಿಲ್ಟರ್ ಹಂಚಿತು, ಆದರೆ ಅನೇಕ ಮನೆಗಳ ಹಳೆಯ ನಲ್ಲಿಗಳ ಮೂತಿಗೆ ಅದು ಕೂರುತ್ತಿರಲಿಲ್ಲ. ಕೈಯಲ್ಲಿ ಫಿಲ್ಟರ್ ಹಿಡಿದುಕೊಂಡು ಅದನ್ನು ಹಾಕಲಾಗದೆ ಕೂತ ಮುದುಕಿಗೆ ಬೇಕಾದದ್ದು ಹೊಸ ನಲ್ಲಿ ಮತ್ತು ಅದನ್ನು ಜೋಡಿಸಬಲ್ಲ ಒಬ್ಬ ಮನುಷ್ಯ. 2016ರ ಜನವರಿ ಕೊನೆಯ ಶನಿವಾರ ರಾಜ್ಯದ ನಾನಾ ಕಡೆಗಳಿಂದ ಸುಮಾರು 300 ಮಂದಿ ಪ್ಲಂಬರ್ ಸಂಘದ ಸದಸ್ಯರು ಬಂದು, ತಯಾರಕರು ಉಚಿತವಾಗಿ ಕೊಟ್ಟ ನಲ್ಲಿಗಳನ್ನು ಮನೆಮನೆಗೆ ಹೋಗಿ ಕೂಲಿಯಿಲ್ಲದೆ ಹಾಕಿಕೊಟ್ಟರು. ಅವರು ಕಾರು ಕಾರ್ಮಿಕರಲ್ಲ, ಬೇರೆ ಸಂಘದವರು. ಮೇಜಿನ ಮೇಲೆ ರೂಪುಗೊಳ್ಳುವ ಆರೋಗ್ಯ ನೀತಿಗೆ ಸ್ಪ್ಯಾನರ್ ಹಿಡಿದ ಕೈಯ ನೆನಪಿರುವುದು ಕಡಿಮೆ ಎಂಬ ಕಾರಣಕ್ಕೆ ಇದನ್ನು ಹೇಳಬೇಕಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಫ್ಲಿಂಟ್ ನೀರು ಕುಡಿದ 21 ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ, ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಿಸಲು ಒಪ್ಪಿತು. ಕೊಳವೆಗಳ ಬದಲಾವಣೆ ಮಾತ್ರ ಎಳೆದಾಡಿತು. ಸುಮಾರು 11,000 ಸೀಸದ ಕೊಳವೆಗಳನ್ನು ಬದಲಿಸಿ ಮುಗಿಸಿದೆವೆಂದು ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿದ್ದು 2025ರಲ್ಲಿ.

ಈಗ ಫ್ಲಿಂಟ್‌ನ ಆರೋಗ್ಯದ ಕೆಲಸ ಹೆಚ್ಚಾಗಿ ನಡೆಯುತ್ತಿರುವುದು ಕಾರ್ಖಾನೆಯ ನೆರಳಿನಿಂದ ಹೊರಗೆ. ಹರ್ಲಿಯ ಮಕ್ಕಳ ಚಿಕಿತ್ಸಾಲಯ 2015ರಲ್ಲಿ ಪೇಟೆಯ ನಡುವಿನ ರೈತರ ಮಾರುಕಟ್ಟೆಯ ಮೇಲಂತಸ್ತಿಗೆ ಬಂತು. ಎದುರಿಗೇ ಬಸ್ ನಿಲ್ದಾಣ. ತಪಾಸಣೆ ಮುಗಿಸಿದ ಮಗುವಿನ ಕೈಗೆ ವೈದ್ಯರು 15 ಡಾಲರ್‌ನ ಹಣ್ಣು-ತರಕಾರಿ ಚೀಟಿ ಬರೆದುಕೊಡುತ್ತಾರೆ, ತಾಯಿ ಮೆಟ್ಟಿಲಿಳಿದು ಅದರಲ್ಲಿ ಸೊಪ್ಪೋ ಸೇಬೋ ಕೊಂಡು ಬಸ್ ಹತ್ತುತ್ತಾಳೆ. ಕಾರು ನಗರದಲ್ಲಿ ಕಾರಿಲ್ಲದವರನ್ನು ನೆನೆದು ಮಾಡಿದ ಏರ್ಪಾಡು ಅದು. 2024ರ ಜನವರಿಯಲ್ಲಿ ಶುರುವಾದ ಆರ್‌ಎಕ್ಸ್ ಕಿಡ್ಸ್ ಯೋಜನೆಯಡಿ ನಗರದ ಪ್ರತಿ ಗರ್ಭಿಣಿಗೆ 1,500 ಡಾಲರ್, ಮಗು ಹುಟ್ಟಿದ ಮೇಲೆ ಒಂದು ವರ್ಷ ತಿಂಗಳಿಗೆ 500 ಡಾಲರ್ ಸಿಗುತ್ತದೆ. ಆದಾಯದ ಷರತ್ತಿಲ್ಲ. ಇದಕ್ಕೆ ಹಣ ಕೊಟ್ಟವರಲ್ಲಿ ಮುಖ್ಯವಾದದ್ದು ಮಾಟ್ ಫೌಂಡೇಷನ್. ಅದರ ಮೂಲಪುರುಷ ಚಾರ್ಲ್ಸ್ ಸ್ಟುವರ್ಟ್ ಮಾಟ್ ದೊಡ್ಡವರಾದದ್ದು ಜನರಲ್ ಮೋಟಾರ್ಸ್‌ನಿಂದಲೇ. ಕಾರಿನ ಹಣ ಊರಿಗೆ ಬರುತ್ತಿದೆ, ಆದರೆ ವೇತನ ಒಪ್ಪಂದದ ಮೂಲಕ ಬಂದಾಗ ಅದು ಹಕ್ಕಾಗಿತ್ತು, ಪ್ರತಿಷ್ಠಾನದ ಮೂಲಕ ಬಂದಾಗ ಅನುದಾನ.

ಆ ಹಕ್ಕು ಕೂಡ ಎಷ್ಟು ಗಟ್ಟಿ ಎಂಬುದು 2019ರಲ್ಲಿ ತಿಳಿಯಿತು. ಸೆಪ್ಟೆಂಬರ್ 16ರಂದು ಯುಎಡಬ್ಲ್ಯು ಜನರಲ್ ಮೋಟಾರ್ಸ್ ವಿರುದ್ಧ ಮುಷ್ಕರ ಹೂಡಿದ ಮರುದಿನವೇ ಕಂಪನಿ ಮುಷ್ಕರನಿರತರ ಆರೋಗ್ಯ ವಿಮೆಗೆ ಹಣ ಕೊಡುವುದನ್ನು ನಿಲ್ಲಿಸಿತು. ಟೀಕೆ ಜೋರಾದಾಗ ಹತ್ತು ದಿನದೊಳಗೆ ಹಿಂದೆ ಸರಿಯಿತು, ಆದರೆ ಅಷ್ಟರಲ್ಲಿ ಗೇಟಿನ ಮುಂದೆ ನಿಂತವರಿಗೆ ಸಂದೇಶ ಮುಟ್ಟಿತ್ತು. ಆರೋಗ್ಯದಲ್ಲಿ ನಾವು ಪಾಲುದಾರರು ಎಂದು ಎರಡು ದಶಕ ಹೇಳಿಕೊಂಡು ಬಂದ ಸಂಬಂಧದಲ್ಲಿ ವಿಮೆಯ ಗುಂಡಿ ಯಾರ ಕೈಯಲ್ಲಿದೆ ಎಂಬುದು ಮುಚ್ಚುಮರೆಯಿಲ್ಲದೆ ಗೊತ್ತಾಯಿತು. 2023ರ ಮುಷ್ಕರದ ನಂತರ ಆದ ಒಪ್ಪಂದದ ಅವಧಿ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಅದರ ಆರೋಗ್ಯ ಕಲಮುಗಳು ಕಂಪನಿಯ ಹಾಜರಿ ಪಟ್ಟಿಯಲ್ಲಿ ಹೆಸರಿರುವವರಿಗೆ ಸಂಬಂಧಿಸಿದವು.

ಆ ಪಟ್ಟಿಯಲ್ಲಿಲ್ಲದವರ ಪಾಲಿಗೆ ಉಳಿದಿರುವುದು 1996ರ ಮೇಜಿನಿಂದ ಹುಟ್ಟಿಕೊಂಡ ಸಣ್ಣ ಸಂಸ್ಥೆಗಳು. ಕೌಂಟಿಯ ಆರೋಗ್ಯ ತೆರಿಗೆ ಶಾಶ್ವತವಲ್ಲ, ಅವಧಿ ಮುಗಿದಾಗಲೆಲ್ಲ ಮತದಾರರ ಮುಂದೆ ಬರಬೇಕು. ಬ್ಯೂಕ್ ಸಿಟಿಯಲ್ಲಿ ಮೂವತ್ತು ವರ್ಷ ದುಡಿದು, ಈಗ ನಿವೃತ್ತರ ಆ ಪ್ರತ್ಯೇಕ ನಿಧಿಯಿಂದ ತಮ್ಮ ಔಷಧಿ ಪಡೆಯುವ, ಆ ತೆರಿಗೆಯಿಂದ ತಮಗೆ ನೇರವಾಗಿ ಏನೂ ಸಿಗದ ನಿವೃತ್ತರೂ ಆಗ ಮತಗಟ್ಟೆಗೆ ಬರುತ್ತಾರೆ.